ಜಂದಿರಾ ಉಜ್ಜಿದ ನಾಲ್ಕನೆಯ ಚಕ್ರ

ಉಬಾ ಊರಿನಲ್ಲಿ ಒಬ್ಬ ಹೆಂಗಸಿನ ಯೋಗ್ಯತೆ ಅಳೆಯುವುದಕ್ಕೆ ಅವಳ ಅಡುಗೆಮನೆಯ ಗೋಡೆ ನೋಡಿದರೆ ಸಾಕು. ಅಲ್ಲಿ ಅಲ್ಯೂಮಿನಿಯಂ ಪಾತ್ರೆಗಳು ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ, ಬುಡ ಹೊರಗೆ ಮಾಡಿಕೊಂಡು ನೇತಾಡುತ್ತಿರುತ್ತವೆ. ಆ ಬುಡದಲ್ಲಿ ಬಂದವರ ಮುಖ ಕಾಣಬೇಕು. ಅನ್ನ ಸೀದರೂ ನಡೆದೀತು, ಸಾರಿಗೆ ಉಪ್ಪು ಹೆಚ್ಚಾದರೂ ನಡೆದೀತು. ಬುಡದಲ್ಲಿ ಮಸಿ ಕಂಡರೆ ಮಾತ್ರ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಆ ಮನೆಯದೇ ಸುದ್ದಿ. ಈ ವಿಷಯದಲ್ಲಿ ಜಂದಿರಾಳನ್ನು ಮೀರಿಸಿದವರು ಇಡೀ ಬೀದಿಯಲ್ಲಿ ಯಾರೂ ಇರಲಿಲ್ಲ, ಅದು ಅವಳಿಗೂ ಚೆನ್ನಾಗಿ ಗೊತ್ತಿತ್ತು.

ಇಪ್ಪತ್ತೇಳು ವರ್ಷ ಸರಕಾರಿ ಶಾಲೆಯ ಅಡುಗೆಯವಳಾಗಿದ್ದವಳು ಅವಳು. ಮುನ್ನೂರು ಮಕ್ಕಳಿಗೆ ಬೇಯಿಸುವ ಕೊಪ್ಪರಿಗೆಗಳ ಒಳಕ್ಕೆ ಅರ್ಧ ಮೈ ತೂರಿಸಿ ಉಜ್ಜುತ್ತಿದ್ದಳು. ಬೂದಿನೀರಿಗೆ ದನದ ಕೊಬ್ಬು ಹಾಕಿ ಕುದಿಸಿ ತಾನೇ ಕಟ್ಟಿದ ಉಂಡೆ ಸೋಪು, ಒಂದು ಹಿಡಿ ಹೊಳೆಮರಳು, ಉಕ್ಕಿನ ನಾರು, ಇಷ್ಟೇ ಅವಳ ಸಾಮಗ್ರಿ. ಅರವತ್ತಕ್ಕೆ ನಿವೃತ್ತಿಯಾಗಿ ಕೊಪ್ಪರಿಗೆ ಕೈತಪ್ಪಿದ ಮೇಲೆ ಅವಳ ಕೈ ಸುಮ್ಮನಿರಲಿಲ್ಲ. ಪಕ್ಕದ ಮನೆಯ ಮರಿಲ್ಡಾಳ ಪಾತ್ರೆಗಳನ್ನು ಗೋಡೆಯಾಚೆಯಿಂದ ಕಸಿದು ತಂದು ಉಜ್ಜಿ ವಾಪಸು ಕೊಡುತ್ತಿದ್ದಳು. ಮರಿಲ್ಡಾಳ ಹಿರಿಮಗನಿಗೆ ಜಂದಿರಾ ಧರ್ಮತಾಯಿ. ಹಾಗಾಗಿ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಆ ಸಲುಗೆಯಲ್ಲಿ ಯಾರು ಯಾರಿಗೆ ಏನು ಬೇಕಾದರೂ ಅನ್ನಬಹುದು, ಯಾರ ಪಾತ್ರೆ ಬೇಕಾದರೂ ಒಯ್ಯಬಹುದು.

ಗಂಡ ಒಸ್ಮಾರ್ ಮೂವತ್ತೊಂದು ವರ್ಷ ಉಬಾದಿಂದ ಜುಯಿಸ್ ದೆ ಫೋರಾಕ್ಕೆ ಬಸ್ಸು ಓಡಿಸಿದವನು. ಮೂರು ಗಂಟೆಯ ಆ ದಾರಿಯಲ್ಲಿ ಎರಡೂಮುಕ್ಕಾಲು ಗಂಟೆ ಅವನ ಮಾತೇ. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾವ ತಿರುವಿನಲ್ಲಿ ಯಾವ ಲಾರಿ ಮಗುಚಿತು, ಮೋಡ ನೋಡಿ ಮಳೆ ಹೇಳುವುದು ಹೇಗೆ, ಒಂದನ್ನೂ ಬಿಡುತ್ತಿರಲಿಲ್ಲ. ‘ಚಾಲಕನೊಡನೆ ಮಾತನಾಡಬೇಡಿ’ ಎಂದು ಅವನ ತಲೆಯ ಮೇಲೆ ಫಲಕವಿತ್ತು. ಅದನ್ನು ಇವನ ಕಡೆಗೇ ತಿರುಗಿಸಿ ಹಾಕಿ ಎಂದು ಪ್ರಯಾಣಿಕರು ನಗುತ್ತಿದ್ದರು. ಮನೆಗೆ ಬಂದಮೇಲೂ ಬಾಯಿಗೆ ಬ್ರೇಕಿಲ್ಲ. ಸ್ವಲ್ಪ ಹೊತ್ತು ಸುಮ್ಮನಿರೋ ಮಹಾರಾಯಾ ಎಂದು ಜಂದಿರಾ ದಿನಕ್ಕೆ ಹತ್ತು ಸಲ ಬೇಡಿಕೊಂಡಿದ್ದಾಳೆ.

ಅವಳ ಬೇಡಿಕೆ ಈಡೇರಿದ್ದು ಮಾತ್ರ ಬಹಳ ಕೆಟ್ಟ ರೀತಿಯಲ್ಲಿ. ಒಸ್ಮಾರ್ ನಿವೃತ್ತಿಯಾದ ಮೂರನೆಯ ವರ್ಷ ಅವನ ಎದೆ ಸೀಳಿ ಆಪರೇಷನ್ ಮಾಡಿದರು. ಹೃದಯ ಸರಿಹೋಯಿತು. ಮನುಷ್ಯ ಮನೆಗೆ ಬಂದ, ಉಂಡ, ನಡೆದಾಡಿದ, ಮಾತನ್ನು ಮಾತ್ರ ಎಲ್ಲೋ ಬಿಟ್ಟು ಬಂದಿದ್ದ. ಹೂಂ, ಬೇಡ, ಸಾಕು, ಈ ಮೂರರಲ್ಲೇ ಅವನ ದಿನ ಮುಗಿಯುತ್ತಿತ್ತು. ನಾಲಿಗೆಗೆ ಏನೂ ಆಗಿಲ್ಲ, ಕಾಯಿರಿ ಎಂದರು ಡಾಕ್ಟರು. ಜಂದಿರಾ ಕಾದಳು. ಮನೆಯಲ್ಲಿ ಯಾರದಾದರೂ ದನಿ ಇರಲಿ ಎಂದು ಬೆಳಗಿನಿಂದ ಸಂಜೆವರೆಗೆ ರೇಡಿಯೋ ಹಚ್ಚಿಡುತ್ತಿದ್ದಳು. ಹೀಗೇ ಹದಿನಾಲ್ಕು ತಿಂಗಳು ಕಳೆಯಿತು. ಇವನು ಎದುರಿಗಿದ್ದೂ ನನಗೆ ಇಲ್ಲವಾಗುತ್ತಿದ್ದಾನೆ ಎಂಬ ಭಯ ಅವಳನ್ನು ಬಿಡಲಿಲ್ಲ.

ಹಿತ್ತಲ ಮಾವಿನ ಮರದ ಪಕ್ಕದ ಶೆಡ್ಡಿನಲ್ಲಿ ಒಂದು ಓಪಾಲಾ ಕಾರಿತ್ತು, ಎಂಬತ್ತಾರರದ್ದು, ಕೆಂಪು ದ್ರಾಕ್ಷಿಯ ಬಣ್ಣದ್ದು. ಆಪರೇಷನ್ನಿಗೆ ಮುಂಚೆಯೇ ಹಳೆಯ ಬೆಡ್‌ಶೀಟು ಹೊದ್ದು ಮಲಗಿದ್ದು ಎದ್ದಿರಲಿಲ್ಲ. ಒಂದು ಬೆಳಿಗ್ಗೆ ಒಸ್ಮಾರ್ ಆ ಬೆಡ್‌ಶೀಟನ್ನು ಎಳೆದು ಹಾಕಿ ಬಹಳ ಹೊತ್ತು ನಿಂತು ನೋಡಿದ. ಮಧ್ಯಾಹ್ನ ಊಟಕ್ಕೆ ಕೂತಾಗ, ಅದಕ್ಕೆ ಮೂವತ್ತು ವರ್ಷ ತುಂಬಿತು, ಕಪ್ಪು ಪ್ಲೇಟು ಹಾಕಿಸಬಹುದು ಎಂದ. ಜಂದಿರಾಳ ಕೈಯಿಂದ ಸೌಟು ಜಾರಿ ಬಿತ್ತು.

ಕಪ್ಪು ನಂಬರ್ ಪ್ಲೇಟು ಎಂದರೆ ಹಳೆಯ ಕಾರಿಗೆ ಸಿಗುವ ಮರ್ಯಾದೆ. ಫ್ಯಾಕ್ಟರಿಯಿಂದ ಹೇಗೆ ಬಂತೋ ಹಾಗೇ ಉಳಿದಿರುವ ಕಾರಿಗೆ ಮಾತ್ರ ಅದು. ಹಳೆಯ ಕಾರುಗಳ ಕ್ಲಬ್ಬಿನವರು ಬಂದು ನೂರಕ್ಕೆ ಅಂಕ ಹಾಕುತ್ತಾರೆ, ಎಂಬತ್ತು ದಾಟಬೇಕು. ಒಸ್ಮಾರನ ಕಾರಿನಲ್ಲಿ ಎಲ್ಲ ಅಸಲಿ, ಚಕ್ರಗಳನ್ನು ಬಿಟ್ಟು. ಊರಿನ ಗಂಡಸರೆಲ್ಲ ಹುಚ್ಚು ಹಿಡಿದು ಅಗಲ ಚಕ್ರ ಹಾಕಿಸಿಕೊಂಡ ಕಾಲದಲ್ಲಿ ಇವನೂ ಹಾಕಿಸಿಕೊಂಡು, ಕಂಪನಿಯ ಅಲ್ಯೂಮಿನಿಯಂ ಚಕ್ರಗಳನ್ನು ಯಾರಿಗೋ ಕೊಟ್ಟುಬಿಟ್ಟಿದ್ದ. ಈಗ ಅಂಥವೇ ನಾಲ್ಕು ಬೇಕು. ಗುಜರಿ ಅಂಗಡಿಗಳಿಗೆಲ್ಲ ಫೋನು ಮಾಡತೊಡಗಿದ. ಮೊದಮೊದಲು ಮೂರು ಮಾತಿನಲ್ಲಿ ಮುಗಿಸಿ ಇಟ್ಟುಬಿಡುತ್ತಿದ್ದ. ಎರಡನೆಯ ವಾರ ವಾದಕ್ಕಿಳಿದ. ಮೂರನೆಯ ವಾರ ಫೋನಿನಲ್ಲಿ ನಕ್ಕ. ಜಂದಿರಾ ರೇಡಿಯೋ ಆರಿಸಿ, ನಲ್ಲಿ ನಿಲ್ಲಿಸಿ, ಕೈಯಲ್ಲಿ ಸೋಪು ಹಿಡಿದುಕೊಂಡೇ ಕೇಳಿದಳು.

ಕೊನೆಗೆ ಮುರಿಯಾಯೆಯ ಒಂದು ಗುಜರಿಯಿಂದ ನಾಲ್ಕು ಚಕ್ರ ಬಂದವು, ಬ್ರೇಕಿನ ಕರಿಪುಡಿ ಮೆತ್ತಿಕೊಂಡು ಮುಖ ಕಾಣದ ಹಾಗೆ. ಒಸ್ಮಾರ್ ಹಿಂದಿನ ಜಗಲಿಯಲ್ಲಿ ಸ್ಟೂಲು ಹಾಕಿಕೊಂಡು ಕೂತ. ತೆಂಗಿನೆಣ್ಣೆಯ ಮೆದು ಸೋಪು, ಹಳೆಯ ಟೂತ್‌ಬ್ರಷ್ಷು, ಹತ್ತಿ ಬಟ್ಟೆ. ಬೋಲ್ಟಿನ ಒಂದೊಂದು ತೂತನ್ನೂ ಮಗುವಿನ ಕಿವಿ ಒರೆಸುವ ಹಾಗೆ ಒರೆಸಿದ. ಸಿಪ್ಪೆ ಎದ್ದ ಹಳೆಯ ವಾರ್ನಿಷ್ಷನ್ನು ಮಾತ್ರ ಸ್ವಲ್ಪ ಸ್ವಲ್ಪವೇ ತೆಗೆದ. ತಗ್ಗಿನ ಬೂದುಬಣ್ಣಕ್ಕೆ ಪೆಟ್ಟಾಗಬಾರದು, ಅಂಚಿನ ಸಣ್ಣ ಗೆರೆ ಅಳಿಯಬಾರದು, ಅವೇ ಇದರ ಹುಟ್ಟುಗುರುತು ಎಂದು ಬೆನ್ನ ಹಿಂದೆ ಪಾತ್ರೆ ತೊಳೆಯುತ್ತಿದ್ದ ಹೆಂಡತಿಗೆ ದಿನಾ ಹೇಳುತ್ತಿದ್ದ. ಜಂದಿರಾ ಹೂಂಗುಡುತ್ತಿದ್ದಳು. ನಿಜ ಹೇಳಬೇಕೆಂದರೆ ಒಂದು ಮಾತೂ ಅವಳ ತಲೆಗೆ ಹೋಗಿರಲಿಲ್ಲ. ದನಿ ಕೇಳಿಸುತ್ತಿದೆಯಲ್ಲ, ಅವಳಿಗೆ ಅಷ್ಟೇ ಸಾಕಾಗಿತ್ತು.

ಮೂರು ವಾರದಲ್ಲಿ ಮೂರು ಚಕ್ರ ಮುಗಿದವು. ಅಷ್ಟರಲ್ಲಿ ಹೃದಯದ ತಪಾಸಣೆಗೆ ಒಸ್ಮಾರ್ ಜುಯಿಸ್ ದೆ ಫೋರಾಕ್ಕೆ ಹೋಗಬೇಕಾಯಿತು. ಮಗಳ ಮನೆಯಲ್ಲಿ ಎರಡು ದಿನ ಇದ್ದು ಬುಧವಾರ ಬರುವುದು ಎಂದಾಯಿತು.

ಅವನು ಹೋದಮೇಲೆ ಜಂದಿರಾ ಮೊದಲ ಸಲ ಆ ಚಕ್ರಗಳನ್ನು ಸರಿಯಾಗಿ ನೋಡಿದಳು. ಮೂರು ವಾರ ಉಜ್ಜಿದ್ದು ಇದೇನಾ? ಅಂಚು ಮಂಕು ಮಂಕು, ತಗ್ಗಿನಲ್ಲಿ ಇನ್ನೂ ಬೂದುಬಣ್ಣದ ಕೊಳೆ. ಪಾಪ, ಎದೆ ಕೊಯ್ಸಿಕೊಂಡವನ ಕೈಯಲ್ಲಿ ಶಕ್ತಿ ಎಲ್ಲಿಂದ ಬರಬೇಕು, ಹೇಳಿಕೊಳ್ಳುವುದಕ್ಕೂ ನಾಚಿಕೆಪಟ್ಟುಕೊಂಡಿದ್ದಾನೆ ಎಂದು ಅವಳೇ ತೀರ್ಮಾನಿಸಿದಳು. ಕ್ಲಬ್ಬಿನವರು ಬಂದು ಈ ಚಕ್ರ ನೋಡಿದರೆ ಒಸ್ಮಾರನ ಮರ್ಯಾದೆ ಹೋಗುವುದಿರಲಿ, ಈ ಮನೆಯ ಹೆಂಗಸಿನದು ಉಳಿಯುತ್ತದೆಯೇ? ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ನಾಲ್ಕನೆಯ ಚಕ್ರವನ್ನು ಕಲ್ಲಿನ ಮೇಲಿಟ್ಟಳು.

ಉಂಡೆ ಸೋಪಿಗೆ ಇನ್ನಷ್ಟು ಖಾರ ಬರಲಿ ಎಂದು ಕಾಸ್ಟಿಕ್ ಸೋಡಾ ಕಲಸಿ ಮೆತ್ತಿ ಮಧ್ಯಾಹ್ನದವರೆಗೆ ಬಿಟ್ಟಳು. ತಗ್ಗಿನ ಬೂದುಬಣ್ಣ ಹಾಲಿನ ಕೆನೆಯ ಹಾಗೆ ಎದ್ದು ಬಂತು. ಇಷ್ಟೊಂದು ಕೊಳೆ ಇತ್ತೇ ಎಂದು ಅವಳಿಗೆ ಅಸಹ್ಯವೂ ಆಯಿತು, ಖುಷಿಯೂ ಆಯಿತು. ಆಮೇಲೆ ಮರಳು, ನಾರು, ಎರಡು ದಿನದ ತೋಳಿನ ಬಲ. ಬುಧವಾರ ಬೆಳಿಗ್ಗೆ ಮರಿಲ್ಡಾ ಬಂದು ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಂಡಳು. ಉಳಿದ ಮೂರಕ್ಕೂ ಕೈ ಹಚ್ಚುವ ಮನಸ್ಸಿತ್ತು, ಬೆರಳ ಗೆಣ್ಣುಗಳ ಚರ್ಮ ಸುಲಿದಿದ್ದರಿಂದ ಬಿಟ್ಟಳು. ದೇವರು ದೊಡ್ಡವನು.

ಮಧ್ಯಾಹ್ನ ಒಸ್ಮಾರ್ ಬಂದ. ಬಸ್ಸಿಳಿದು ಬರುವಾಗಲೇ ಬೀದಿಯಲ್ಲಿ ಯಾರಿಗೋ ಏನೋ ಹೇಳುತ್ತ ಬಂದಿದ್ದ. ಜಂದಿರಾ ಕೈಹಿಡಿದು ಜಗಲಿಗೆ ಕರೆದೊಯ್ದು ಚಕ್ರದ ಮೇಲಿನ ಬಟ್ಟೆ ತೆಗೆದಳು. ಅವನು ಬಗ್ಗಿ ನೋಡಿದ. ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಎಳೆದ, ಇನ್ನೊಮ್ಮೆ ಎಳೆದ.

“ಗೆರೆ ಎಲ್ಲಿ?” ಎಂದ.

ಅಷ್ಟೇ. ಒಳಗೆ ಹೋಗಿ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡ.

ಜಂದಿರಾ ಉಳಿದ ಮೂರು ಚಕ್ರಗಳ ಅಂಚನ್ನು ಬೆಳಕಿಗೆ ಹಿಡಿದು ನೋಡಿದಳು. ಕೂದಲೆಳೆಗಿಂತ ಸಣ್ಣ ಗೆರೆಗಳು ಒಂದರ ಪಕ್ಕ ಒಂದು ಸುತ್ತಲೂ ಓಡಿದ್ದವು, ಉಗುರು ಎಳೆದರೆ ಸಣ್ಣಗೆ ಸದ್ದು ಬರುತ್ತಿತ್ತು. ಅವನು ದಿನಾ ಹೇಳುತ್ತಿದ್ದ ಹುಟ್ಟುಗುರುತು ಇದು. ತಗ್ಗಿನದು ಕೊಳೆಯಲ್ಲ, ಬಣ್ಣ.

ಕ್ಲಬ್ಬಿನವರು ಬರುವುದಕ್ಕೆ ಹತ್ತು ದಿನವಿತ್ತು. ಆದರೆ ಅವಳಿಗೆ ಅಂಕದ ಚಿಂತೆ ಇರಲಿಲ್ಲ. ಗುರುವಾರ ಒಸ್ಮಾರ್ ಹೂಂ ಎಂದ. ಶುಕ್ರವಾರ ಬೇಡ ಎಂದ. ಹೋದದ್ದು ಮತ್ತೆ ಬರುತ್ತದೆ ಎಂದು ಹದಿನಾಲ್ಕು ತಿಂಗಳು ಕಾದು, ಬಂದದ್ದನ್ನು ತಾನೇ ಕೈಯಾರೆ ಉಜ್ಜಿ ತೆಗೆದೆನಲ್ಲ ಎಂದು ಅವಳು ಒಲೆಯ ಮುಂದೆ ಕೂತು ಅತ್ತಳು. ಮರಿಲ್ಡಾ ಗೋಡೆಯಾಚೆಯಿಂದ ಜೋಳದ ಕೇಕು ಕೊಟ್ಟು, ಗಂಡಸರು ಮುನಿಸಿಕೊಂಡರೆ ಹೊಟ್ಟೆ ಹಸಿಯುವವರೆಗೆ ಮಾತ್ರ ಎಂದು ಸಮಾಧಾನ ಹೇಳಿದಳು. ಇದು ಮುನಿಸಲ್ಲ ಎಂದು ಜಂದಿರಾಳಿಗೆ ಗೊತ್ತಿತ್ತು. ಮುನಿಸಾಗಿದ್ದರೆ ಎಷ್ಟು ಚೆನ್ನಾಗಿತ್ತು!

ಶನಿವಾರ ಬೆಳಿಗ್ಗೆ ಸುಮ್ಮನೆ ಕೂರಲಾರದೆ ಅಂಗಡಿಯಿಂದ ನುಣುಪಾದ ಉಪ್ಪುಕಾಗದ ತಂದಳು. ಗೆರೆ ತಾನೇ ಬೇಕು, ಎಳೆದರಾಯಿತು ಎಂದುಕೊಂಡು ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕತೊಡಗಿದಳು. ಜರಕ್, ಜರಕ್, ಜರಕ್. ಒಸ್ಮಾರ್ ಕೋಣೆಯಲ್ಲಿ ಮಲಗಿದ್ದ. ಮೂವತ್ತೊಂದು ವರ್ಷ ಎಂಜಿನ್ನಿನ ಸದ್ದಿನಿಂದಲೇ ಎಲ್ಲಿ ಏನು ಸಡಿಲವಾಗಿದೆ ಎಂದು ಹೇಳುತ್ತಿದ್ದ ಕಿವಿ ಅದು. ಐದು ನಿಮಿಷ ತಡೆದುಕೊಂಡ, ಹತ್ತು ನಿಮಿಷ ತಡೆದುಕೊಂಡ. ಆಮೇಲೆ ಬಾಗಿಲು ದಡಾರೆಂದು ತೆರೆಯಿತು.

“ಹಾಗಲ್ಲ ಕಣೇ. ಉದ್ದುದ್ದ ಯಾಕೆ ಎಳೀತಿದೀಯ? ಅದೇನು ಅನ್ನದ ತಪ್ಪಲೆನಾ? ಗೆರೆ ಸುತ್ತ ಬರ್ಬೇಕು, ಸುತ್ತ. ಫ್ಯಾಕ್ಟ್ರೀಲಿ ತಿರುಗಿಸಿ ಕೆತ್ತಿರ್ತಾರೆ ಅಂತ ಹತ್ತು ಸಲ ಬಡ್ಕೊಂಡೆ, ಕಿವಿ ಎಲ್ಲಿಟ್ಟಿದ್ದೆ? ಈ ಮನೇಲಿ ಏನು ಕಂಡ್ರೂ ಉಜ್ಜೋದೇ ಆಯ್ತು. ಬಸ್ಸಿನೋರು ಕೊಟ್ಟ ಪದಕ ಉಜ್ಜಿ ಉಜ್ಜಿ ನನ್ನ ಹೆಸ್ರೇ ಅಳಿಸಾಕಿದೆ. ಈಗ ಚಕ್ರ. ನಾಳೆ ನಾನು ಜಗಲೀಲಿ ಕೂತಿದ್ರೆ ನನ್ನ ಬೋಳುತಲೇನೂ ಉಜ್ಜಿಬಿಡ್ತೀಯ.”

ಇಷ್ಟಕ್ಕೇ ನಿಲ್ಲಲಿಲ್ಲ. ಮದುವೆಯಾದ ಹೊಸತರಲ್ಲಿ ಅವಳು ಉಜ್ಜಿ ತೂತು ಮಾಡಿದ ಅವನಮ್ಮನ ಕಾಫಿ ಪಾತ್ರೆ ಬಂತು. ಒಗೆದು ಒಗೆದು ಬಿಳಿಯಾಗಿಸಿದ ನೀಲಿ ಸಮವಸ್ತ್ರ ಬಂತು. ಅವನ ದನಿ ಏರಿದ್ದು ಕೇಳಿ ಮರಿಲ್ಡಾ ಗೋಡೆಯ ಮೇಲೆ ತಲೆ ಎತ್ತಿದಳು, ಬೀದಿಯಲ್ಲಿ ಹೋಗುತ್ತಿದ್ದ ಅಂಚೆಯವನು ನಿಂತ. ಜಂದಿರಾ ತಲೆ ಬಗ್ಗಿಸಿ ಕೂತಿದ್ದಳು. ಅವಳ ಕಣ್ಣಿನಿಂದ ಇಳಿದ ನೀರು ಚಕ್ರದ ಮೇಲೆ ತೊಟ್ಟಿಕ್ಕುತ್ತಿತ್ತು. ಅದನ್ನು ಕಂಡು ಒಸ್ಮಾರ್ ಗಕ್ಕನೆ ಬೈಗುಳ ನಿಲ್ಲಿಸಿದ.

“ಅಳ್ಬೇಡ್ವೇ. ಒಂದು ಚಕ್ರ ತಾನೆ,” ಎಂದ ಮೆಲ್ಲಗೆ.

“ನಿಲ್ಲಿಸ್ಬೇಡ ಮುದುಕಾ,” ಎಂದಳು ಜಂದಿರಾ. “ಬೈತಾ ಇರು.”

ಅವನಿಗೆ ಅರ್ಥವಾಗುವುದಕ್ಕೆ ಒಂದು ಗಳಿಗೆ ಬೇಕಾಯಿತು. ಆಮೇಲೆ ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂತು, ಸುಲಿದ ಬೆರಳುಗಳನ್ನು ನೋಡಿ, ಇದಕ್ಕೆ ಔಷಧಿ ಹಚ್ಚಿದೆಯಾ ಎಂದು ಕೇಳಿದ. ಹಚ್ಚಿಲ್ಲ ಎಂದದ್ದಕ್ಕೆ ಮತ್ತೆ ಬೈದ. ಆ ಶನಿವಾರ ಅವಳು ಮಾಡಿದ ಅಡುಗೆಗೆ ಉಪ್ಪೇ ಇರಲಿಲ್ಲ, ಅದಕ್ಕೂ ಅವನು ಬೈದ, ಇಬ್ಬರೂ ಎರಡೆರಡು ಸಲ ಬಡಿಸಿಕೊಂಡರು.

ಮಾರನೆಯ ದಿನದಿಂದ ಕೆಲಸ ಶುರುವಾಯಿತು. ಓಪಾಲಾದ ಮುಂಭಾಗಕ್ಕೆ ಜಾಕು ಕೊಟ್ಟು ಎತ್ತಿ, ಟೈರಿಲ್ಲದ ಬರೀ ಚಕ್ರವನ್ನು ಅದರ ಜಾಗದಲ್ಲೇ ಬೋಲ್ಟು ಹಾಕಿ ಬಿಗಿದ. ಈಗ ಅದು ಸರಾಗವಾಗಿ ತಿರುಗುತ್ತಿತ್ತು. ಒಬ್ಬರು ಒಂದೇ ವೇಗದಲ್ಲಿ ತಿರುಗಿಸಬೇಕು, ಇನ್ನೊಬ್ಬರು ಮರದ ತುಂಡಿಗೆ ಸುತ್ತಿದ ಒದ್ದೆ ಉಪ್ಪುಕಾಗದವನ್ನು ಅಲುಗಾಡದೆ ಒತ್ತಿ ಹಿಡಿದು, ಹೊರಗಿನಿಂದ ಒಳಕ್ಕೆ ಇಷ್ಟಿಷ್ಟೇ ಸರಿಸಬೇಕು. ಒತ್ತುವ ಕೆಲಸ ಎದೆ ಕೊಯ್ಸಿಕೊಂಡವನಿಗೆ ಆಗದು. ಅದು ಕೊಪ್ಪರಿಗೆ ಉಜ್ಜಿದ ಕೈಯ ಕೆಲಸ. ತಿರುಗಿಸುವುದು ಅವನ ಪಾಲಿಗೆ ಬಂತು.

ಮೊದಲ ದಿನ ಗೆರೆಗಳು ಹಾವು ಹರಿದ ಹಾಗೆ ಬಂದವು. ಒಸ್ಮಾರ್ ಉಸಿರು ಬಿಗಿಹಿಡಿದು, ತುಟಿ ಕಚ್ಚಿಕೊಂಡು ತಿರುಗಿಸುತ್ತಿದ್ದ, ಕೈ ಮಾತ್ರ ನಡುನಡುವೆ ತಡವರಿಸುತ್ತಿತ್ತು. ತಿದ್ದಿದರು, ಮತ್ತೆ ಹಾಳಾಯಿತು. ಎರಡನೆಯ ದಿನ ಜಂದಿರಾಳಿಗೇ ಹೊಳೆಯಿತು. ಈ ಮನುಷ್ಯ ಬಾಯಿ ಮುಚ್ಚಿಕೊಂಡು ಏನನ್ನಾದರೂ ತಿರುಗಿಸಿದ್ದು ಯಾವತ್ತು?

“ಮಾತಾಡು,” ಎಂದಳು.

“ಏನಂತ?”

“ಏನಾದ್ರೂ. ಮಳೆಗಾಲದಲ್ಲಿ ಘಟ್ಟ ಇಳಿಸ್ತಿದ್ಯಲ್ಲ, ಅದ್ ಹೇಳು.”

ಒಸ್ಮಾರ್ ಹೇಳತೊಡಗಿದ. ಹೇಳುತ್ತ ಹೇಳುತ್ತ ಅವನ ಕೈ ಚಕ್ರವನ್ನು ಮರೆಯಿತು, ಮರೆತದ್ದೇ ತಡ, ಚಕ್ರ ಒಂದೇ ಸಮನೆ ತಿರುಗಿತು. ಮಣ್ಣು ಕುಸಿದು ದಾರಿ ಕಟ್ಟಿದ ದಿನ ನಲವತ್ತು ಜನರನ್ನು ಬಸ್ಸಿನಲ್ಲಿ ಹಾಡಿಸಿಕೊಂಡು ಕೂತದ್ದು, ಹಿಂದಿನ ಸೀಟಿನಲ್ಲಿ ಹೆರಿಗೆಯಾದದ್ದು, ಹುಟ್ಟಿದ ಮಗುವಿಗೆ ತನ್ನ ಹೆಸರಿಟ್ಟದ್ದು. ಈ ಕಥೆಗಳನ್ನೆಲ್ಲ ಜಂದಿರಾ ನೂರು ಸಲ ಕೇಳಿದ್ದಳು, ಅಥವಾ ಕೇಳಿದ್ದೇನೆ ಎಂದುಕೊಂಡಿದ್ದಳು. ಈ ಸಲ ಒಂದೊಂದು ಮಾತನ್ನೂ ಕೇಳಿದಳು. ನಡುವೆ ಆಪರೇಷನ್ನಿನ ಸುದ್ದಿ ತಾನಾಗಿ ಬಂತು. ಎಚ್ಚರವಾದಾಗ ಎದೆಯೊಳಗಿನ ಸದ್ದು ಬೇರೆಯದೇ ಆಗಿ ಕೇಳಿಸಿತು, ಮಾತಾಡಿದರೆ ಆ ಸದ್ದು ತಪ್ಪಿಹೋಗುತ್ತೇನೋ, ನಿಂತುಹೋದರೆ ಗೊತ್ತಾಗುವುದಿಲ್ಲವೇನೋ ಎಂದು ಕಿವಿಗೊಟ್ಟುಕೊಂಡೇ ಇದ್ದುಬಿಟ್ಟೆ ಎಂದು ಅವನು ಚಕ್ರ ತಿರುಗಿಸುತ್ತಲೇ ಹೇಳಿದ. ಜಂದಿರಾಳ ಕೈ ನಡುಗಲಿಲ್ಲ. ನಡುಗಿದ್ದರೆ ಗೆರೆ ಕೆಡುತ್ತಿತ್ತು.

ಗುರುವಾರದ ಹೊತ್ತಿಗೆ ಅಂಚಿನ ಗೆರೆಗಳು ಕೂತವು. ಬಣ್ಣದ ಅಂಗಡಿಗೆ ಒಂದು ಅಸಲಿ ಚಕ್ರವನ್ನೇ ಹೊತ್ತೊಯ್ದು, ಅದಕ್ಕೆ ಹೊಂದುವ ಬೂದುಬಣ್ಣ ಕಲಸಿಸಿಕೊಂಡು ಬಂದು ತಗ್ಗುಗಳಿಗೆ ತುಂಬಿದರು. ಮೇಲೆ ತೆಳ್ಳಗೆ ಎರಡು ಪದರ ವಾರ್ನಿಷ್ಷು. ಒಣಗಿದ ಮೇಲೆ ನಾಲ್ಕನ್ನೂ ಸಾಲಾಗಿಟ್ಟು ನೋಡಿದರೆ ಹೊಸ ಗೆರೆಯದು ಯಾವುದು ಎಂದು ಮರಿಲ್ಡಾಳಿಗೆ ಗೊತ್ತಾಗಲಿಲ್ಲ.

ಶನಿವಾರ ಕ್ಲಬ್ಬಿನಿಂದ ಎವಾಲ್ದೋ ಎಂಬ ಸಣಕಲು ಮನುಷ್ಯ ಬಂದ. ಕೈಯಲ್ಲಿ ಟಾರ್ಚು, ಕಂಕುಳಲ್ಲಿ ಕಾಗದದ ಹಲಗೆ. ಬಂದವನಿಗೆ ಚೀಸ್ ಉಂಡೆ, ಕಾಫಿ ಕೊಡಲು ಮರಿಲ್ಡಾ ಬೆಳಿಗ್ಗೆಯೇ ಬಂದು ಅಡುಗೆಮನೆ ಸೇರಿದ್ದಳು. ಇವತ್ತು ಒಂದು ದಿನ ನಿನ್ನ ಗಂಡ ಬಾಯಿ ಹೊಲಿದುಕೊಂಡು ಇರಲಿ, ಚಕ್ರದ ವಿಷಯ ಎತ್ತದಿರಲಿ ಎಂದು ಹತ್ತು ಸಲ ಹೇಳಿದ್ದಳು. ಎವಾಲ್ದೋ ಎಂಜಿನ್ನು ನೋಡಿದ, ಸೀಟು ನೋಡಿದ, ಚಾಪೆ ಹಾಸಿಕೊಂಡು ಕಾರಿನ ಕೆಳಗೆ ಮಲಗಿ ನೋಡಿದ. ಕೊನೆಗೆ ಚಕ್ರಗಳ ಹತ್ತಿರ ಕೂತ. ಒಂದು, ಎರಡು, ಮೂರು. ನಾಲ್ಕನೆಯದರ ಮೇಲೆ ಟಾರ್ಚು ಬಿಟ್ಟು ಏನೂ ಹೇಳದೆ ಏಳುವುದರಲ್ಲಿದ್ದ.

“ಅದನ್ನ ನನ್ನ ಹೆಂಡ್ತಿ ಉಜ್ಜಿದ್ಲು,” ಎಂದ ಒಸ್ಮಾರ್. “ಆಮೇಲೆ ಇಬ್ರೂ ಸೇರಿ ಗೆರೆ ಹಾಕಿದ್ವಿ. ಅಂಕ ಕಳೀಬೇಕಾದ್ರೆ ಕಳೀರಿ. ಮುಚ್ಚಿಡೋ ಬುದ್ಧಿ ನಂದಲ್ಲ.”

ಕಿಟಕಿಯಲ್ಲಿ ಮರಿಲ್ಡಾ ಹಣೆ ಚಚ್ಚಿಕೊಂಡಳು. ಕಾಫಿ ತಂದು ಬಾಗಿಲಲ್ಲಿ ನಿಂತಿದ್ದ ಜಂದಿರಾಳನ್ನು ಎವಾಲ್ದೋ ತಿರುಗಿ ನೋಡಿ, ಏನು ಹಾಕಿ ಉಜ್ಜಿದಿರಿ ಎಂದು ಕೇಳಿದ. ಉಂಡೆ ಸೋಪು, ಮರಳು, ಉಕ್ಕಿನ ನಾರು ಎಂದಳು ಅವಳು. ಅವನು ಬಹಳ ಹೊತ್ತು ನಕ್ಕ. ತಮ್ಮ ತಾಯಿಯೂ ಹೀಗೇ ತಂದೆಯ ಕಾರಿನ ಬಂಪರಿನ ನಿಕ್ಕಲ್ ಲೇಪ ಎಬ್ಬಿಸಿಹಾಕಿದ್ದರು ಎಂದ. ಆದರೂ ನಿಯಮ ನಿಯಮವೇ ಎಂದು ಎರಡು ಅಂಕ ಕಳೆದು, ಒಟ್ಟು ಎಂಬತ್ತೊಂದು ಬರೆದು ಸಹಿ ಹಾಕಿದ.

ಸಹಿ ಹಾಕಿದವನು ಹೋಗಬೇಕಿತ್ತು. ಒಸ್ಮಾರ್ ಬಿಡಬೇಕಲ್ಲ. ಜಾಕು ಕೊಟ್ಟದ್ದು, ಗೆರೆ ಹಾವಾದದ್ದು, ಮುರಿಯಾಯೆಯ ಗುಜರಿಯವನ ಜಿಪುಣತನ, ಅಲ್ಲಿಂದ ಹಳೆಯ ಘಟ್ಟದ ದಾರಿ. ಎವಾಲ್ದೋ ಎರಡು ಸಲ ಟೋಪಿ ಹಾಕಿಕೊಂಡ, ಎರಡು ಸಲ ತೆಗೆದ. ಜಂದಿರಾ ಒಳಗೆ ಬಂದು ಒಲೆಯ ಹತ್ತಿರ ನಿಂತು ಕೇಳುತ್ತಿದ್ದಳು.

“ಪ್ಲೇಟು ಸಿಕ್ತಲ್ಲ ಕೊಮಾದ್ರೆ,” ಎಂದಳು ಮರಿಲ್ಡಾ. “ಈಗ್ಲಾದ್ರೂ ಅವನ ಬಾಯಿ ಮುಚ್ಸು. ಆ ಮನುಷ್ಯ ಮನೆಗೆ ಹೋಗ್ಬೇಡ್ವಾ?”

“ಹದಿನಾಲ್ಕು ತಿಂಗ್ಳು ಮುಚ್ಕೊಂಡಿತ್ತಲ್ಲ, ಸಾಕು,” ಎಂದು ಜಂದಿರಾ ಮತ್ತೊಂದು ಸಲ ಕಾಫಿಗೆ ನೀರಿಟ್ಟಳು.